ಹಲ್ಲು ಕೀಳಿಸಿದ್ಮೇಲೂ ರಕ್ತಕ್ಕೆ ಇಳಿದ ಬಾಯಿ ಬ್ಯಾಕ್ಟೀರಿಯಾ: ಒಂದು ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಪ್ರಕರಣ

ರೋಗಿ ನಲವತ್ತು ದಾಟಿದ ಗಂಡಸು, ಮಲೆನಾಡು ಕಡೆಯವರು, ಅಡಿಕೆ ತೋಟ ಇದೆ. ಕಾಯಿಲೆ ಅಕ್ಯೂಟ್ ಮೈಲಾಯ್ಡ್ ಲ್ಯುಕೀಮಿಯಾ (ಎಎಂಎಲ್), ಅಂದ್ರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಮೊದಲ ಕೀಮೋಗೇ ರೋಗ ಹಿಡಿತಕ್ಕೆ ಬಂದಿತ್ತು, ಆದ್ರೆ ಎಫ್‌ಎಲ್‌ಟಿ3 ಅನ್ನೋ ಜೀನ್‌ನಲ್ಲಿ ಬದಲಾವಣೆ ಇದ್ದಿದ್ರಿಂದ ಬರೀ ಕೀಮೋ ನೆಚ್ಚಿಕೊಂಡು ಕೂತ್ರೆ ವಾಪಸ್ ಬರೋ ಸಾಧ್ಯತೆ ಜಾಸ್ತಿ ಅಂತ ಹೆಮಟಾಲಜಿ, ಅಂದ್ರೆ ರಕ್ತದ ಕಾಯಿಲೆಗಳ ಡಾಕ್ಟರ್‌ಗಳು, ರಕ್ತಕಣ ಹುಟ್ಟಿಸೋ ಸ್ಟೆಮ್ ಸೆಲ್‌ಗಳನ್ನ ಇನ್ನೊಬ್ಬರಿಂದ ತಗೊಂಡು ಹಾಕೋ ಟ್ರಾನ್ಸ್‌ಪ್ಲಾಂಟ್‌ಗೆ ಹೇಳಿದ್ರು. ಡೋನರ್ ಅವರ ತಂಗಿ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಎಚ್‌ಎಲ್‌ಎ (ದೇಹ ತನ್ನ ಕೋಶಗಳನ್ನ ಗುರುತಿಸೋ ಗುರುತು) ಪೂರ್ತಿ ಹೊಂದಿಕೆ ಆಗೋ ಸಾಧ್ಯತೆ 25 ಪರ್ಸೆಂಟ್ ಅಷ್ಟೇ, ಇವರಿಗೆ ಒಬ್ಬ ಅಣ್ಣ, ಒಬ್ಬ ತಂಗಿ, ತಂಗಿಯದ್ದು ಹೊಂದಿಕೆ ಆಯ್ತು. ಮನೆಯವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗಬಾರದು ಅಂತ ಊರು, ತಾರೀಖು, ಆಸ್ಪತ್ರೆ ಎಲ್ಲಾ ಬಿಟ್ಟಿದೀನಿ.

ನಾನು ಬಾಯಿ ರೋಗಗಳ ವಿಭಾಗದ ಡೆಂಟಿಸ್ಟ್, ಟ್ರಾನ್ಸ್‌ಪ್ಲಾಂಟ್ ಟೀಮ್ ಜೊತೆ ಕೆಲಸ ಮಾಡ್ತೀನಿ. ಈ ಕೇಸನ್ನೇ ಯಾಕೆ ಆರಿಸಿಕೊಂಡೆ ಅಂದ್ರೆ, ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ಕೆಟ್ಟ ಹಲ್ಲು ಕೀಳಿಸಿಬಿಟ್ರೆ ಬಾಯಿ ವಿಷಯ ಮುಗೀತು ಅಂತ ರೋಗಿಗಳಷ್ಟೇ ಅಲ್ಲ ಎಷ್ಟೋ ಡಾಕ್ಟರ್‌ಗಳೂ ಅಂದ್ಕೊಂಡಿರ್ತಾರೆ. ಇವರ ಬಾಯಲ್ಲಿ ಎರಡು ಬೇರೆ ಬೇರೆ ಗುಂಪಿನ ಬ್ಯಾಕ್ಟೀರಿಯಾ ಎರಡು ಬೇರೆ ಬೇರೆ ಸಮಯಕ್ಕೆ ತೊಂದ್ರೆ ಕೊಟ್ಟವು, ಅದರಲ್ಲಿ ಜೀವಕ್ಕೇ ಬಂದಿದ್ದು ಹಲ್ಲಿಂದು ಅಲ್ಲ.

ಮೊದಲು ಬಾಯಿ ನೋಡಿದಾಗ

ಎರಡನೇ ಸುತ್ತಿನ ಹೈ ಡೋಸ್ ಸೈಟರಬೀನ್ ಕೀಮೋ ಮುಗಿದು ಕೌಂಟ್, ಅಂದ್ರೆ ರಕ್ತಕಣಗಳ ಸಂಖ್ಯೆ, ಮೇಲೆ ಬಂದ್ಮೇಲೆ ನಮ್ಮ ಹತ್ರ ಕಳಿಸಿದ್ರು. ಕಂಡೀಷನಿಂಗ್ ಶುರುವಾಗೋಕೆ ಎರಡು ವಾರ ಚಿಲ್ಲರೆ ದಿನ ಬಾಕಿ ಇತ್ತು. ಕಂಡೀಷನಿಂಗ್ ಅಂದ್ರೆ ಹೊಸ ಸ್ಟೆಮ್ ಸೆಲ್ ಹಾಕೋಕೆ ಮುಂಚೆ ಹಳೇ ಮಜ್ಜೆಯನ್ನ ಖಾಲಿ ಮಾಡೋ ಜೋರು ಕೀಮೋ, ಇವರಿಗೆ ಐದು ದಿನ ಫ್ಲುಡಾರಬೀನ್, ಆಮೇಲೆ ಮೆಲ್ಫಲಾನ್ ಅಂತ ಪ್ಲಾನ್ ಆಗಿತ್ತು.

ನೋವಿದೆಯಾ ಅಂತ ಕೇಳಿದ್ರೆ ಇಲ್ಲ ಅಂದ್ರು, ಒಂದು ಹಲ್ಲೂ ನೋವಿಲ್ಲ, ತಿನ್ನೋಕೆ ತೊಂದ್ರೆ ಇಲ್ಲ ಅಂದ್ರು. ಬಾಯಿ ತೆಗೀರಿ ಅಂದಾಗ ಎರಡು ಬೆರಳು ಹಿಡಿಸೋದೂ ಕಷ್ಟ. ಅಳೆದು ನೋಡಿದ್ರೆ ಮುಂದಿನ ಹಲ್ಲುಗಳ ನಡುವೆ 26 ಮಿಲಿಮೀಟರ್, ಸಾಮಾನ್ಯವಾಗಿ ದೊಡ್ಡವರಿಗೆ 35ಕ್ಕಿಂತ ಮೇಲಿರತ್ತೆ. ಕೆನ್ನೆ ಒಳಗೆ ಬೆರಳಾಡಿಸಿದ್ರೆ ಹಗ್ಗ ಬಿಗಿದಂಗೆ ಗಟ್ಟಿ ಪಟ್ಟಿ ಸಿಗ್ತಿತ್ತು, ಒಳಚರ್ಮ ಬಿಳಚಿಕೊಂಡಿತ್ತು. ಇಪ್ಪತ್ತು ವರ್ಷದ ಮೇಲಿಂದ ಎಲೆ ಅಡಿಕೆ, ನಡುನಡುವೆ ಬರೀ ಅಡಿಕೆ ಹೋಳು ಕೆನ್ನೇಲಿಟ್ಕೊಂಡು ಕೆಲಸ ಮಾಡೋದು, ಗುಟ್ಕಾ ಮಾತ್ರ ಮುಟ್ಟಿಲ್ಲ ಅಂತ ಹೆಂಡತಿ ಹೇಳಿದ್ರು. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ, ತಂಬಾಕು ಇಲ್ದೇನೇ ಬರೀ ಅಡಿಕೆಯಿಂದ ಬರತ್ತೆ. ಅಡಿಕೆ ಬೆಳೆಯೋ ಜನರ ಹತ್ರ ಈ ಮಾತು ಹೇಳೋದು ನಂಗೂ ಕಷ್ಟಾನೇ, ಆದ್ರೆ ಹೇಳ್ಲೇಬೇಕು. ಈ ಕಾಯಿಲೆಯಲ್ಲಿ ಕೆನ್ನೆಯ ಒಳಪದರ ತೆಳ್ಳಗಾಗಿ ಅದರ ಕೆಳಗೆ ನಾರು ತುಂಬ್ಕೊಂಡಿರತ್ತೆ, ರಕ್ತಸಂಚಾರ ಕಮ್ಮಿ, ಸ್ವಲ್ಪ ಪೆಟ್ಟಾದ್ರೂ ಹುಣ್ಣಾಗತ್ತೆ, ಹುಣ್ಣಾದ್ರೆ ಬೇಗ ಮಾಯಲ್ಲ.

ಪೂರ್ತಿ ದವಡೆ ಎಕ್ಸ್‌ರೇ ತೆಗೆಸಿದಾಗ ಇನ್ನೂ ಎರಡು ವಿಷಯ ಗೊತ್ತಾಯ್ತು. ಎಡಗಡೆ ಕೆಳಗಿನ ದೊಡ್ಡ ದವಡೆ ಹಲ್ಲಿನ ಬೇರಿನ ತುದೀಲಿ ಕಪ್ಪು ನೆರಳು, ಅಂದ್ರೆ ಅಲ್ಲಿ ಹಳೇ ಸೋಂಕು ಕೂತು ಮೂಳೆ ತಿಂದಿದೆ, ಹಲ್ಲು ಸತ್ತು ಹೋಗಿರೋದ್ರಿಂದ ನೋವಿಲ್ಲ. ಬಲಗಡೆ ಕೆಳಗಿನ ವಿಸ್ಡಮ್ ಹಲ್ಲು ಓರೆಯಾಗಿ ಅರ್ಧ ಮಾತ್ರ ಮೇಲೆ ಬಂದು ನಿಂತಿತ್ತು, ಅದರ ಮೇಲೆ ಒಸಡಿನ ಒಂದು ಮಡಿಕೆ. ಆ ಮಡಿಕೆ ಕೆಳಗೆ ಬ್ರಷ್ ಹೋಗಲ್ಲ, ಅನ್ನದ ಅಗುಳು ಸೇರ್ಕೊಂಡು ಗಾಳಿ ಇಲ್ಲದ ಕಡೆ ಬೆಳೆಯೋ ಬ್ಯಾಕ್ಟೀರಿಯಾಗಳಿಗೆ ಒಳ್ಳೇ ಜಾಗ ಆಗತ್ತೆ. ಎರಡು ವರ್ಷದ ಹಿಂದೆ ಒಂದ್ಸಲ ಅಲ್ಲಿ ಊದಿತ್ತಂತೆ, ಮಾತ್ರೆ ತಗೊಂಡ್ಮೇಲೆ ಇಳೀತಂತೆ. ಹಲ್ಲು ಒಸಡಿನ ನಡುವೆ ಅಲ್ಲಲ್ಲಿ 5-6 ಮಿಲಿಮೀಟರ್ ಆಳದ ಸಂದು, ಅಂದ್ರೆ ಪಾಕೆಟ್ ಇದ್ದವು.

ಬೇರಿನ ಸೋಂಕಿದ್ದ ಹಲ್ಲನ್ನ ಕೀಳೋದು ಅಂತ ಬೇಗ ತೀರ್ಮಾನ ಆಯ್ತು. ರೂಟ್ ಕೆನಾಲ್ ಮಾಡಿ ಉಳಿಸಬಹುದಿತ್ತು ಅಂತ ಅನ್ಸಬಹುದು, ಆದ್ರೆ ಅಷ್ಟು ಕಿರಿದಾದ ಬಾಯಲ್ಲಿ ಹಿಂದಿನ ಹಲ್ಲಿಗೆ ಸರಿಯಾಗಿ ಮಾಡೋಕಾಗಲ್ಲ, ಅರ್ಧಂಬರ್ಧ ರೂಟ್ ಕೆನಾಲ್ ಮಾಡಿ ಕಳ್ಸೋದಕ್ಕಿಂತ ಕೀಳೋದೇ ಸುರಕ್ಷಿತ. ಅವತ್ತು ಪ್ಲೇಟ್‌ಲೆಟ್ 92,000, ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ಜೊತೆ ಹೋರಾಡೋ ಬಿಳಿ ರಕ್ತಕಣ) 1,800. ಹಲ್ಲು ಕೀಳೋಕೆ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ನ್ಯೂಟ್ರೋಫಿಲ್ 1,000ಕ್ಕಿಂತ ಮೇಲೆ ಇರ್ಲಿ ಅಂತ ನೋಡ್ತೀವಿ, ಎರಡೂ ಸರಿ ಇತ್ತು, ಮಾರನೇ ದಿನವೇ ತೆಗೆದು ಹೊಲಿಗೆ ಹಾಕಿದ್ವಿ. ಗಾಯ ಮಾಯೋಕೆ ಕನಿಷ್ಠ 10ರಿಂದ 14 ದಿನ ಬೇಕು, ಆಮೇಲೆ ಕೌಂಟ್ ಬಿದ್ದ ಮೇಲೆ ಗಾಯ ತೆರೆದುಕೊಂಡಿದ್ರೆ ಅದೇ ಒಂದು ಅಪಾಯ.

ವಿಸ್ಡಮ್ ಹಲ್ಲಿನ ಬಗ್ಗೆ ಮಾತ್ರ ತುಂಬಾ ಚರ್ಚೆ ಆಯ್ತು. ಓರೆಯಾಗಿರೋ ಹಲ್ಲು ತೆಗೀಬೇಕಂದ್ರೆ ಒಸಡು ಕೊಯ್ದು ಮೂಳೆ ಕೊರೀಬೇಕು, 26 ಮಿಲಿಮೀಟರ್ ಬಾಯಲ್ಲಿ ಅದು ದೊಡ್ಡ ಸರ್ಜರಿ, ಫೈಬ್ರೋಸಿಸ್ ಇರೋ ಕಡೆ ಗಾಯ ನಿಧಾನ. ಉಳಿದ ದಿನಗಳಲ್ಲಿ ಮಾಯುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋ ಹಾಗಿರ್ಲಿಲ್ಲ. ಟ್ರಾನ್ಸ್‌ಪ್ಲಾಂಟನ್ನೇ ಮೂರು ವಾರ ಮುಂದೂಡಿದ್ರೆ? ಎಫ್‌ಎಲ್‌ಟಿ3 ಇರೋ ಲ್ಯುಕೀಮಿಯಾ ಕಾಯೋ ಜಾತಿದಲ್ಲ, ಕಾಯ್ಬೇಕಂದ್ರೆ ಮಧ್ಯೆ ಇನ್ನೊಂದು ಸುತ್ತು ಕೀಮೋ ಬೇಕು, ಅದರಿಂದ ಬಾಯಿ ಇನ್ನೂ ಹಾಳು. ಹೆಮಟಾಲಜಿಸ್ಟ್, ಸರ್ಜನ್, ನಾನು, ರೋಗಿಯ ಹೆಂಡತಿ ಎಲ್ಲಾ ಕೂತು ಮಾತಾಡಿ, ಆ ಹಲ್ಲನ್ನ ಬಿಡೋದು, ಮಡಿಕೆ ಕೆಳಗೆ ಚೆನ್ನಾಗಿ ತೊಳೆಯೋದು, ಒಸಡು ಪೂರ್ತಿ ಕ್ಲೀನಿಂಗ್ ಮಾಡೋದು ಅಂತ ನಿರ್ಧಾರ ಮಾಡಿದ್ವಿ. ಇವತ್ತೂ ನನ್ನ ಅಭಿಪ್ರಾಯ ಅದೇ, ಅವತ್ತಿನ ಲೆಕ್ಕದಲ್ಲಿ ಅದು ಸರಿಯಾದ ನಿರ್ಧಾರ. ಅಡಿಕೆ ಅವತ್ತಿಂದಲೇ ನಿಲ್ಲಿಸಿದ್ರು, ಅದನ್ನ ಅವರ ಬಗ್ಗೆ ತುಂಬಾ ಗೌರವದಿಂದ ಹೇಳ್ತೀನಿ, ತೋಟದ ಮನೇಲಿ ಹುಟ್ಟಿ ಬೆಳೆದವರಿಗೆ ಅದು ಸಣ್ಣ ವಿಷಯ ಅಲ್ಲ.

ವಾರ್ಡಲ್ಲಿ

ಅಡ್ಮಿಟ್ ಆದ್ಮೇಲೆ ಬಾಯಿ ಆರೈಕೆ ನರ್ಸ್‌ಗಳ ಕೈಗೆ ಹೋಗತ್ತೆ, ನಾವು ವಾರಕ್ಕೆ ಎರಡ್ಮೂರು ಸಲ ನೋಡ್ತೀವಿ. ತುಂಬಾ ಮೆತ್ತನೆ ಬ್ರಷ್, ಮಗು ಬ್ರಷ್ ತರಹ ಸಣ್ಣ ತಲೇದು ಯಾಕಂದ್ರೆ ದೊಡ್ಡದು ಒಳಗೇ ಹೋಗ್ತಿರ್ಲಿಲ್ಲ. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಅದರರ್ಧ ಉಪ್ಪು ಹಾಕಿ ಊಟ ಆದ್ಮೇಲೆ, ಮಲಗೋ ಮುಂಚೆ, ಮಧ್ಯೆ ಮಧ್ಯೆ ಮುಕ್ಕಳಿಸೋದು. ಬೇವಿನ ಕಡ್ಡಿ ತರ್ಲಾ, ಎಳ್ಳೆಣ್ಣೆ ಮುಕ್ಕಳಿಸ್ಲಾ ಅಂತ ಹೆಂಡತಿ ಕೇಳಿದ್ರು, ಕೌಂಟ್ ಇಲ್ಲದಾಗ ಕಡ್ಡಿಯ ಗೀರು ಒಂದಾದ್ರೂ ಸಾಕು, ಬೇಡ ಅಂದ್ವಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹುಣ್ಣು ತಡೆಯತ್ತೆ ಅಂತ ಎಷ್ಟೋ ಕಡೆ ಕಣ್ಮುಚ್ಚಿ ಬರೆದುಕೊಡ್ತಾರೆ, ಹುಣ್ಣು ತಡೆಯೋ ವಿಷಯದಲ್ಲಿ ಅದಕ್ಕೆ ಗಟ್ಟಿ ಆಧಾರ ಇಲ್ಲ. ಗಟ್ಟಿ ಆಧಾರ ಇರೋದು ಐಸ್‌ಗೆ. ಮೆಲ್ಫಲಾನ್ ರಕ್ತದಲ್ಲಿ ಹೆಚ್ಚು ಹೊತ್ತು ಇರೋ ಔಷಧ ಅಲ್ಲ, ಅದು ಹೋಗ್ತಿರೋ ಹೊತ್ತಲ್ಲಿ ಬಾಯ್ತುಂಬಾ ಐಸ್ ಚೂರು ಇಟ್ಕೊಂಡ್ರೆ ಬಾಯಿಯ ರಕ್ತನಾಳ ಮುದುಡಿ ಒಳಪದರಕ್ಕೆ ಔಷಧ ಕಮ್ಮಿ ತಲುಪತ್ತೆ, ಹುಣ್ಣು ಕಮ್ಮಿ ಆಗತ್ತೆ. ಇಷ್ಟು ಸಸ್ತಾ, ಇಷ್ಟು ಸುಲಭದ ಉಪಾಯ ಟ್ರಾನ್ಸ್‌ಪ್ಲಾಂಟ್ ವಾರ್ಡಲ್ಲಿ ಇನ್ನೊಂದಿಲ್ಲ. ಆದ್ರೆ ಇವರಿಗೆ ಬಾಯಿ ಸರಿಯಾಗಿ ತೆರೆಯಲ್ಲ, ಒಸಡು ಸವೆದ ಹಲ್ಲುಗಳಿಗೆ ಜುಮ್ ಅಂತಿತ್ತು, ಮೇಲಿಂದ ವಾಂತಿ, ಹತ್ತು ಹದಿನೈದು ನಿಮಿಷದಲ್ಲಿ ಬಿಟ್ರು. ತಣ್ಣೀರು ಗುಟುಕು ಗುಟುಕಾಗಿ ಬಾಯಲ್ಲಿಟ್ಕೊಳ್ಳೋದು ಮುಂದುವರೀತು, ಪೂರ್ತಿ ಪ್ರಯೋಜನ ಸಿಗ್ಲಿಲ್ಲ.

ತಂಗಿಯ ಸ್ಟೆಮ್ ಸೆಲ್ ಹಾಕಿದ ದಿನವನ್ನ ಸೊನ್ನೆ ಅಂತ ಎಣಿಸ್ತಾರೆ. ಹೊಸ ರಕ್ತಕಣಗಳು ರೋಗಿಯ ದೇಹದ ಮೇಲೇ ತಿರುಗಿ ಬೀಳದ ಹಾಗೆ, ಅಂದ್ರೆ ಜಿವಿಎಚ್‌ಡಿ ಆಗದ ಹಾಗೆ, ಸೈಕ್ಲೋಸ್ಪೋರಿನ್ ಜೊತೆ ಮೆಥೋಟ್ರೆಕ್ಸೇಟ್ 1, 3, 6, 11ನೇ ದಿನ ಕೊಡೋ ಪದ್ಧತಿ. ಈ ಮೆಥೋಟ್ರೆಕ್ಸೇಟ್ ಬಾಯಿಗೆ ಎರಡನೇ ಹೊಡೆತ, ಮೆಲ್ಫಲಾನ್‌ನಿಂದ ಒಳಪದರ ಕಿತ್ತು ಬರೋ ಹೊತ್ತಿಗೇ ಹೊಸ ಕೋಶ ಬೆಳೆಯೋದನ್ನ ಇದು ತಡೆಯತ್ತೆ.

ಐದನೇ ದಿನ ಕೆನ್ನೆ ಒಳಗೆ ಕೆಂಪು, ಆರನೇ ದಿನ ನಾಲಿಗೆ ಪಕ್ಕ ಮತ್ತು ಆ ಬಿಳಚಿದ ಪಟ್ಟಿಗಳ ಮೇಲೇ ಉದ್ದುದ್ದ ಹುಣ್ಣು. ಏಳನೇ ದಿನ ನೀರು ನುಂಗೋಕೂ ಆಗ್ತಿಲ್ಲ. ಡಬ್ಲ್ಯುಎಚ್‌ಓ ಅಳತೇಲಿ ಬಾಯಿಂದ ಏನೂ ತಗೊಳ್ಳೋಕಾಗದ ಸ್ಥಿತಿ ಅಂದ್ರೆ ಗ್ರೇಡ್ 4, ಅಲ್ಲಿಗೆ ಬಂದಿದ್ರು. ಮಾರ್ಫಿನ್ ಡ್ರಿಪ್ ಶುರುವಾಯ್ತು. ನ್ಯೂಟ್ರೋಫಿಲ್ ಸೊನ್ನೆ.

ಆವತ್ತೇ ರಾತ್ರಿ ಚಳಿ ನಡುಕ, ಜ್ವರ 39.2 ಡಿಗ್ರಿ, ಬಿಪಿ 84ಕ್ಕೆ 50. ಕೌಂಟ್ ಇಲ್ಲದವರಿಗೆ ಒಂದೇ ಒಂದು ಸಲ 38.3 ಬಂದ್ರೂ ಅದು ಎಮರ್ಜೆನ್ಸಿ, ಆಂಟಿಬಯಾಟಿಕ್ ಒಂದು ಗಂಟೆ ಒಳಗೆ ಹೋಗ್ಬೇಕು, ಅದಕ್ಕೂ ಮುಂಚೆ ಬ್ಲಡ್ ಕಲ್ಚರ್‌ಗೆ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಯತ್ತಾ ಅಂತ ನೋಡೋ ಪರೀಕ್ಷೆಗೆ, ರಕ್ತ ತೆಗೀಬೇಕು. ರಾತ್ರಿ ಡ್ಯೂಟಿಯ ಸಿಸ್ಟರ್ ಔಷಧ ಕೊಡೋಕೆ ಎದೆಯಿಂದ ರಕ್ತನಾಳಕ್ಕೆ ಹಾಕಿದ್ದ ಕೊಳವೆ, ಅಂದ್ರೆ ಹಿಕ್‌ಮನ್ ಲೈನಿಂದ ಒಂದು ಸೆಟ್, ಕೈ ನರದಿಂದ ಒಂದು ಸೆಟ್, ಎರಡೂ ಒಂದೇ ಹೊತ್ತಿಗೆ ಸಮನಾಗಿ ತೆಗೆದು ಟೈಮ್ ಬರೆದು ಲ್ಯಾಬಿಗೆ ಕಳಿಸಿದ್ರು. ಈ ಒಂದು ಕೆಲಸ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳ್ತೀನಿ. ಮೆರೊಪೆನಮ್ ಅನ್ನೋ ಆಂಟಿಬಯಾಟಿಕ್ ಶುರು ಮಾಡಿದ್ರು, ಸಲೈನ್ ಓಡಿಸಿದ್ರು, ಬಿಪಿ ನಿಲ್ಲದೇ ಇದ್ದಿದ್ದಕ್ಕೆ ನಾರ್‌ಅಡ್ರಿನಲಿನ್ ಹಾಕಿ ಐಸಿಯುಗೆ ಶಿಫ್ಟ್ ಮಾಡಿದ್ರು.

ಯಾವ ಬಾಗಿಲಿಂದ ಬಂತು

ಬೆಳಗ್ಗೆ ಲ್ಯಾಬಿಂದ ಫೋನ್, ಎರಡೂ ಬಾಟಲಿ ಪಾಸಿಟಿವ್, ಸರಪಳಿ ಥರ ಜೋಡಿಸಿಕೊಂಡಿರೋ ಗ್ರಾಂ ಪಾಸಿಟಿವ್ ಕಾಕೈ, ಅಂದ್ರೆ ದುಂಡಗಿನ ಬ್ಯಾಕ್ಟೀರಿಯಾ. ತಕ್ಷಣ ವ್ಯಾಂಕೊಮೈಸಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್ ಸೇರಿಸಿದ್ರು. ಮಾರನೇ ದಿನ ಹೆಸರು ಬಂತು, ಸ್ಟ್ರೆಪ್ಟೊಕಾಕಸ್ ಮೈಟಿಸ್.

ಈ ಹೆಸರು ಕೇಳಿದ ಕೂಡ್ಲೇ ನಮ್ಮ ವಿಭಾಗಕ್ಕೆ ಕಾಲ್ ಬಂತು. ಮೈಟಿಸ್ ಅನ್ನೋದು ಬಾಯಿಯ ಖಾಯಂ ನಿವಾಸಿ, ಹುಟ್ಟಿದ ಮಗುವಿನ ಬಾಯಿಗೆ ಮೊದಮೊದಲು ಬಂದು ನೆಲೆಸೋ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು, ನಿಮ್ಮ ಬಾಯಲ್ಲೂ ನನ್ನ ಬಾಯಲ್ಲೂ ಇದೆ. ಮನುಷ್ಯರ ಬಾಯಲ್ಲಿ ಇದುವರೆಗೆ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಗುರುತಿಸಿದಾರೆ, ಒಂದು ಮಿಲಿ ಎಂಜಲಲ್ಲಿ ಸುಮಾರು 10 ಕೋಟಿ ಇರ್ತವೆ. ಆರೋಗ್ಯವಂತರಿಗೆ ಅದರಿಂದ ಏನೂ ಇಲ್ಲ, ಹಲ್ಲುಜ್ಜುವಾಗ ಒಂದಿಷ್ಟು ರಕ್ತಕ್ಕೆ ಹೋದ್ರೂ ಬಿಳಿ ರಕ್ತಕಣ ಕ್ಷಣದಲ್ಲಿ ಮುಗಿಸಿಬಿಡತ್ತೆ. ಬಾಯಿ ಪೂರ್ತಿ ಹುಣ್ಣಾಗಿ, ಬಿಳಿ ರಕ್ತಕಣ ಸೊನ್ನೆ ಇರೋ ಆ ಒಂದು ವಾರದಲ್ಲಿ ಮಾತ್ರ ಇದೇ ಸಾಧು ಬ್ಯಾಕ್ಟೀರಿಯಾ ಶಾಕ್, ಅಂದ್ರೆ ಬಿಪಿ ಕುಸಿಯೋ ಸ್ಥಿತಿ ತರಿಸತ್ತೆ.

ಆದ್ರೆ ಐಸಿಯು ಟೀಮ್‌ನಲ್ಲಿ ಕೆಲವರಿಗೆ ಲೈನ್ ಮೇಲೆ ಅನುಮಾನ. ಲೈನಿಂದ ತೆಗೆದ ರಕ್ತದಲ್ಲೂ ಬೆಳೆದಿದೆ, ರೋಗಿ ಶಾಕ್‌ನಲ್ಲಿದಾರೆ, ಲೈನ್ ಕಿತ್ತುಹಾಕೋಣ ಅಂದ್ರು. ಅವರ ಆತಂಕ ಅರ್ಥ ಆಗತ್ತೆ. ಪ್ಲೇಟ್‌ಲೆಟ್ 9,000 ಇರೋ ಮನುಷ್ಯನಿಗೆ ಲೈನ್ ತೆಗೆದು ಇನ್ನೊಂದು ಹಾಕೋದು ಅಂದ್ರೆ ರಕ್ತಸ್ರಾವದ ಅಪಾಯ, ಅದೂ ಅಲ್ದೆ ಆ ಲೈನಲ್ಲೇ ಸೈಕ್ಲೋಸ್ಪೋರಿನ್, ಮಾರ್ಫಿನ್, ಊಟದ ಬದಲು ಕೊಡೋ ಟಿಪಿಎನ್, ಪ್ಲೇಟ್‌ಲೆಟ್ ಎಲ್ಲಾ ಹೋಗ್ತಿದೆ. ಆಗ ಉಪಯೋಗಕ್ಕೆ ಬಂದಿದ್ದು ಸಿಸ್ಟರ್ ಬರೆದಿಟ್ಟ ಟೈಮು. ಸೋಂಕು ಲೈನ್ ಒಳಗೇ ಇದ್ರೆ ಲೈನಿಂದ ತೆಗೆದ ಬಾಟಲಿ, ಕೈಯಿಂದ ತೆಗೆದ ಬಾಟಲಿಗಿಂತ ಕನಿಷ್ಠ ಎರಡು ಗಂಟೆ ಮುಂಚೆ ಪಾಸಿಟಿವ್ ಆಗ್ಬೇಕು, ಯಾಕಂದ್ರೆ ಅಲ್ಲಿ ಬ್ಯಾಕ್ಟೀರಿಯಾ ದಟ್ಟವಾಗಿರತ್ತೆ. ಇಲ್ಲಿ ಒಂದು 12 ಗಂಟೆ 40 ನಿಮಿಷಕ್ಕೆ, ಇನ್ನೊಂದು 13 ಗಂಟೆಗೆ, ಅಂತರ 20 ನಿಮಿಷ ಅಷ್ಟೇ. ಲೈನ್ ಹೊರಬರೋ ಜಾಗ ಸ್ವಚ್ಛ, ಕೆಂಪಿಲ್ಲ, ಕೀವಿಲ್ಲ. ಸಾಮಾನ್ಯವಾಗಿ ಲೈನಿಂದ ಬರೋದು ಚರ್ಮದ ಸ್ಟೆಫೈಲೊಕಾಕಸ್, ಕರುಳಿಂದ ಬರೋದು ಈ.ಕೊಲೈ, ಕ್ಲೆಬ್ಸಿಯೆಲ್ಲಾ, ಎಂಟರೊಕಾಕಸ್. ಮೈಟಿಸ್ ಬಂದಿದೆ ಅಂದ್ರೆ ಬಾಯಿ ಕಡೆ ಮೊದಲು ನೋಡ್ಬೇಕು. ಲೈನ್ ಉಳೀತು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2013ರಲ್ಲಿ ಇಂಥ ಸೋಂಕಿಗೇ ಬೇರೆ ವರ್ಗ ಮಾಡ್ತು, ಒಳಪದರ ಹರಿದು ಆಗೋ ರಕ್ತಸೋಂಕು ಅಂತ, ಮುಂಚೆ ಇವೆಲ್ಲಾ ಲೈನ್ ಸೋಂಕಿನ ಲೆಕ್ಕಕ್ಕೇ ಹೋಗ್ತಿತ್ತು. ನರ್ಸ್‌ಗಳು ಎಷ್ಟೇ ಚೆನ್ನಾಗಿ ಲೈನ್ ನೋಡ್ಕೊಂಡ್ರೂ ಸೋಂಕು ಕಮ್ಮಿ ಆಗ್ತಿಲ್ಲ ಅಂತ ಅವರನ್ನೇ ಬೈತಿದ್ದ ಕಾಲ ಅದು, ಈ ಬದಲಾವಣೆ ಬಂದಿದ್ದು ನ್ಯಾಯ ಅನ್ಸತ್ತೆ ನಂಗೆ.

ಹಾಗಾದ್ರೆ ಬಾಯಲ್ಲಿ ಎಲ್ಲಿಂದ? ರೋಗಿಯ ಅಣ್ಣ ಕಾರಿಡಾರಲ್ಲಿ ಸಿಟ್ಟಲ್ಲೇ ಕೇಳಿದ್ರು, ಆ ಹಲ್ಲು ಬಿಟ್ಟಿದ್ದಕ್ಕೇ ಹೀಗಾಯ್ತಲ್ವಾ ಅಂತ. ಆ ಪ್ರಶ್ನೆಗೆ ಕೂತು ಉತ್ತರ ಕೊಡ್ಲೇಬೇಕಿತ್ತು. ಮೈಟಿಸ್ ಇರೋದು ಕೆನ್ನೆ, ನಾಲಿಗೆ, ಹಲ್ಲಿನ ಮೇಲ್ಮೈ, ಇಂಥ ಕಡೆ. ವಿಸ್ಡಮ್ ಹಲ್ಲಿನ ಮಡಿಕೆ ಕೆಳಗೆ, ಆಳದ ಪಾಕೆಟ್‌ನಲ್ಲಿ ಜಾಸ್ತಿ ಇರೋದು ಬೇರೆ ಪಂಗಡ, ಪ್ರಿವೊಟೆಲ್ಲಾ, ಫ್ಯೂಸೊಬ್ಯಾಕ್ಟೀರಿಯಂ, ಪಾರ್ಫಿರೊಮೊನಾಸ್ ಅನ್ನೋ ಗಾಳಿ ಬೇಡದ ಜಾತಿಗಳು. ಅವತ್ತು ಆ ಹಲ್ಲಿನ ಸುತ್ತ ಊತ ಇಲ್ಲ, ಒತ್ತಿದ್ರೆ ನೋವೂ ಬೇರೆ ಕಡೆಗಿಂತ ಜಾಸ್ತಿ ಇಲ್ಲ. ಕೆನ್ನೆ ಹುಣ್ಣುಗಳು ಮಾತ್ರ ಫೈಬ್ರೋಸಿಸ್ ಪಟ್ಟಿ ಉದ್ದಕ್ಕೂ ಪೂರ್ತಿ ತೆರೆದು ಬಿದ್ದಿದ್ದವು. ನಂಗೆ ಕಂಡ ಹಾಗೆ ಬಾಗಿಲು ತೆರೆದಿದ್ದು ಅಲ್ಲಿ. ನೂರಕ್ಕೆ ನೂರು ಅಂತ ಯಾರೂ ಹೇಳಕ್ಕಾಗಲ್ಲ, ನಾವು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಎಂಜಲು ನುಂಗ್ತೀವಿ, ಹೊಟ್ಟೆಯ ಆಸಿಡ್ ಅದನ್ನ ಕೊಲ್ಲತ್ತೆ, ಆದ್ರೆ ಟ್ರಾನ್ಸ್‌ಪ್ಲಾಂಟ್ ರೋಗಿಗಳಿಗೆ ಆಸಿಡ್ ತಡೆಯೋ ಪ್ಯಾಂಟೊಪ್ರಜೋಲ್ ಓಡ್ತಿರತ್ತೆ, ಹಾಗಾಗಿ ಬಾಯಿ ಬ್ಯಾಕ್ಟೀರಿಯಾ ಕರುಳು ತಲುಪಿ ಅಲ್ಲಿಂದಲೂ ಒಳಗೆ ಹೋಗಬಹುದು. ಅದಕ್ಕೇ ಆಸಿಡ್ ಮಾತ್ರೆ ನಿಜವಾಗ್ಲೂ ಬೇಕಾ ಅಂತ ಪ್ರತಿ ರೋಗಿಗೂ ಕೇಳ್ಕೋಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಣ್ಣನಿಗೆ ಹೇಳಿದ್ದು ಇಷ್ಟು: ಬಾಯಲ್ಲಿ ಒಂದೂ ಹುಳುಕಿಲ್ಲದ 32 ಹಲ್ಲು ಇದ್ದಿದ್ರೂ, ಅಥವಾ ಒಂದೂ ಹಲ್ಲಿಲ್ಲದೇ ಇದ್ದಿದ್ರೂ, ಈ ಹುಣ್ಣುಗಳಾಗಿದ್ರೆ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗಬಹುದಿತ್ತು. ಅವರು ಒಪ್ಪಿದ್ರೋ ಇಲ್ವೋ, ಸುಮ್ನಾದ್ರು.

ಔಷಧದ ರಿಪೋರ್ಟ್ ನೋಡಿದ್ರೆ ಪೆನಿಸಿಲಿನ್ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋಕೆ ಬೇಕಾದ ಕನಿಷ್ಠ ಪ್ರಮಾಣ) 1, ಅಂದ್ರೆ ಅರ್ಧ ಪ್ರತಿರೋಧ, ಲಿವೊಫ್ಲಾಕ್ಸಸಿನ್ ಕೆಲಸ ಮಾಡಲ್ಲ, ವ್ಯಾಂಕೊಮೈಸಿನ್ ಕೆಲಸ ಮಾಡತ್ತೆ. ಸೋಂಕು ಬರದಿರ್ಲಿ ಅಂತ ಮೊದಲಿಂದ ಕೊಡ್ತಿದ್ದ ಮಾತ್ರೆಯೇ ಲಿವೊಫ್ಲಾಕ್ಸಸಿನ್. ಅದು ಕರುಳಿನ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳನ್ನ ತಡೆಯತ್ತೆ, ಅದರಿಂದ ಉಪಯೋಗ ಇದೆ, ಆದ್ರೆ ಅದಕ್ಕೆ ಬಗ್ಗದ ಮೈಟಿಸ್ ಥರದವು ಆ ಖಾಲಿ ಜಾಗದಲ್ಲಿ ಹೆಚ್ಚಾಗ್ತವೆ.

ಒಂಬತ್ತನೇ ದಿನ ಜ್ವರ ಇಳೀತಿದ್ರೂ ಉಸಿರು ಕೆಟ್ಟಿತು, ಆಕ್ಸಿಜನ್ 87ಕ್ಕೆ ಇಳೀತು, ಎಕ್ಸ್‌ರೇಲಿ ಎರಡೂ ಶ್ವಾಸಕೋಶ ಬೆಳ್ಳಗೆ. ಮೈಟಿಸ್ ಸೇರಿದ ವಿರಿಡನ್ಸ್ ಸ್ಟ್ರೆಪ್ಟೊಕಾಕಸ್ ಗುಂಪಿನ ಕೆಟ್ಟ ಗುಣ ಇದು, ರಕ್ತದಿಂದ ಬ್ಯಾಕ್ಟೀರಿಯಾ ಹೋದ್ಮೇಲೂ ಒಂದಿಷ್ಟು ಜನಕ್ಕೆ ಎರಡ್ಮೂರು ದಿನ ತಡವಾಗಿ ಶ್ವಾಸಕೋಶ ಸೋರೋಕೆ ಶುರುವಾಗತ್ತೆ. ಜೋರಾಗಿ ಆಕ್ಸಿಜನ್ ಹಾಯಿಸೋ ಹೈ ಫ್ಲೋ ಮೇಲೆ ಇಟ್ರು, ಸ್ಟೀರಾಯ್ಡ್ ಕೊಟ್ರು, ವೆಂಟಿಲೇಟರ್ ಪಕ್ಕದಲ್ಲಿ ರೆಡಿ ಇತ್ತು, ಬೇಕಾಗ್ಲಿಲ್ಲ. ಮೆಥೋಟ್ರೆಕ್ಸೇಟ್‌ನ 11ನೇ ದಿನದ ಡೋಸ್ ಬಿಟ್ರು, ಇಷ್ಟು ಹುಣ್ಣಿದ್ದಾಗ ಅದನ್ನ ಬಿಡೋದು ವಾಡಿಕೆ, ಆದ್ರೆ ಬಿಟ್ಟಿದ್ದಕ್ಕೆ ಜಿವಿಎಚ್‌ಡಿ ಸಾಧ್ಯತೆ ಸ್ವಲ್ಪ ಏರತ್ತೆ ಅನ್ನೋದೂ ಎಲ್ಲರಿಗೂ ಗೊತ್ತು. ಹೃದಯದ ಎಕೋದಲ್ಲಿ ಕವಾಟ ಸರಿ ಇತ್ತು. ಮತ್ತೆ ತೆಗೆದ ಕಲ್ಚರ್‌ಗಳು ಕ್ಲೀನ್.

ಇಷ್ಟೂ ದಿನ ಐಸಿಯುನಲ್ಲಿ ಬಾಯಿ ಆರೈಕೆ ನಿಲ್ಸಿರ್ಲಿಲ್ಲ. ಎಷ್ಟೋ ಕಡೆ ಬಾಯಲ್ಲಿ ರಕ್ತ ಬರ್ತಿದೆ, ಪ್ಲೇಟ್‌ಲೆಟ್ ಇಲ್ಲ, ಮುಟ್ಟೋದು ಬೇಡ ಅಂತ ಬಿಟ್ಟುಬಿಡ್ತಾರೆ. ಹಾಗೆ ಬಿಟ್ರೆ ಒಣಗಿದ ರಕ್ತ, ಎಂಜಲು, ಸತ್ತ ಪದರ ಎಲ್ಲಾ ಹಲ್ಲಿಗೆ ಮೆತ್ತಿಕೊಂಡು ಅದರಲ್ಲೇ ಬ್ಯಾಕ್ಟೀರಿಯಾ ನೂರುಪಟ್ಟಾಗತ್ತೆ. ಮಾರ್ಫಿನ್ ಬಟನ್ ಒತ್ತಿ ಹತ್ತು ನಿಮಿಷ ಬಿಟ್ಟು, ಸಲೈನಲ್ಲಿ ನೆನೆಸಿದ ಮೆತ್ತನೆ ಬ್ರಷ್‌ನಿಂದ ಹಲ್ಲಿನ ಮೇಲೆ ಮಾತ್ರ, ಹುಣ್ಣು ತಪ್ಪಿಸಿ, ಸಕ್ಷನ್ ಹಿಡಿದು ಸಿಸ್ಟರ್‌ಗಳು ದಿನಾ ಮಾಡಿದ್ರು. ಹುಣ್ಣಿನ ಸ್ವಾಬ್‌ನಲ್ಲಿ ಹರ್ಪಿಸ್ ವೈರಸ್ ಇರ್ಲಿಲ್ಲ, ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಸ್ವಲ್ಪ ಇತ್ತು.

ಕೌಂಟ್ ಬಂದ್ಮೇಲೆ

16ನೇ ದಿನ ನ್ಯೂಟ್ರೋಫಿಲ್ 500 ದಾಟಿತು, ಸತತ ಮೂರು ದಿನ ದಾಟೇ ಇತ್ತು, ತಂಗಿಯ ಕೋಶಗಳು ನೆಲೆಯೂರಿದವು. ಹುಣ್ಣು ಕಣ್ಣೆದುರೇ ಮಾಯ್ತಾ ಬಂತು, ಇದನ್ನ ಎಷ್ಟು ಸಲ ನೋಡಿದ್ರೂ ಖುಷಿ ಆಗತ್ತೆ.

18ನೇ ದಿನ ಬೆಳಗ್ಗೆ ಬಲ ದವಡೆ ಊದ್ಕೊಂಡಿತ್ತು. ಬಾಯಿ 26ರಿಂದ 14 ಮಿಲಿಮೀಟರ್‌ಗೆ ಬಂದಿತ್ತು, ಆ ವಿಸ್ಡಮ್ ಹಲ್ಲಿನ ಮಡಿಕೆ ಕೆಳಗಿಂದ ಕೀವು. ಹದಿನೆಂಟು ದಿನ ಸುಮ್ನಿದ್ದ ಜಾಗ ಈಗ್ಯಾಕೆ? ಕೀವು ಅಂದ್ರೇ ಸತ್ತ ಬಿಳಿ ರಕ್ತಕಣ, ಊತ ಕೆಂಪು ಬಿಸಿ ಎಲ್ಲಾ ಬಿಳಿ ರಕ್ತಕಣದ ಹೋರಾಟದ ಲಕ್ಷಣ. ಕಣಗಳೇ ಇಲ್ಲದಾಗ ಸೋಂಕು ಇದ್ರೂ ಊದಲ್ಲ, ಕೀವಾಗಲ್ಲ, ಕಣ ಬಂದ ತಕ್ಷಣ ಎಲ್ಲಾ ಒಟ್ಟಿಗೆ ಮೇಲೇಳತ್ತೆ. ಬಾಯಿ ಊದಿಲ್ಲ ಅಂತ ಸೋಂಕಿಲ್ಲ ಅನ್ಕೊಳ್ಳೋ ಡಾಕ್ಟರ್‌ಗಳಿಗೆ ನಾನು ಈ ಕೇಸಿನ ಫೋಟೋ ತೋರಿಸ್ತೀನಿ. ಅಂದ್ರೆ ಅಣ್ಣ ಕೇಳಿದ ಪ್ರಶ್ನೆಯಲ್ಲಿ ಅರ್ಧ ನಿಜ ಇತ್ತು, ಆ ಹಲ್ಲು ತೊಂದ್ರೆ ಕೊಡೋದೇ ಆಗಿತ್ತು, ಕೊಟ್ಟಿದ್ದು ಬೇರೆ ತೊಂದ್ರೆ, ಬೇರೆ ಹೊತ್ತಲ್ಲಿ.

ಕೀವಿನಲ್ಲಿ ಬೆಳೆದಿದ್ದು ಪ್ರಿವೊಟೆಲ್ಲಾ, ಫ್ಯೂಸೊಬ್ಯಾಕ್ಟೀರಿಯಂ ಗುಂಪಿಂದು, ಮೈಟಿಸ್ ಅಲ್ಲ. ರಕ್ತದ ಕಲ್ಚರ್‌ನಲ್ಲಿ ಏನೂ ಬರ್ಲಿಲ್ಲ. ಮಡಿಕೆ ಕೆಳಗೆ ಸಿರಿಂಜಲ್ಲಿ ಸಲೈನ್ ಬಿಟ್ಟು ತೊಳೆದು, ಆಂಟಿಬಯಾಟಿಕ್ ಗಾಳಿ ಬೇಡದ ಬ್ಯಾಕ್ಟೀರಿಯಾ ಮೇಲೂ ಕೆಲಸ ಮಾಡೋ ಹಾಗೆ ನೋಡ್ಕೊಂಡು, ಒಂದು ವಾರದಲ್ಲಿ ಇಳೀತು. ಆಗಲೇ ಹಲ್ಲು ಕೀಳೋ ಮಾತು ಬಂತು, ಪ್ಲೇಟ್‌ಲೆಟ್ ಇನ್ನೂ 30,000ದಲ್ಲಿತ್ತು, ಸೈಕ್ಲೋಸ್ಪೋರಿನ್ ಪೂರ್ತಿ ಡೋಸಲ್ಲಿತ್ತು, ಬೇಡ ಅಂತ ಎಲ್ಲರೂ ಒಪ್ಪಿದ್ವಿ.

34ನೇ ದಿನ ಅಂಗೈ, ಬೆನ್ನಿನ ಮೇಲೆ ಕೆಂಪು ದದ್ದು, ಆಮೇಲೆ ಭೇದಿ. ಅಕ್ಯೂಟ್ ಜಿವಿಎಚ್‌ಡಿ, ಗ್ರೇಡ್ 2. ಪ್ರೆಡ್ನಿಸೊಲೋನ್‌ಗೆ ಬಗ್ಗಿತು. ಬಾಯಿ ಸೋಂಕಿಗೂ ಇದಕ್ಕೂ ಸಂಬಂಧ ಇದೆಯಾ? ಒಬ್ಬ ರೋಗಿಯನ್ನಿಟ್ಕೊಂಡು ಅದು ಕಾರಣ ಇದು ಕಾರಣ ಅನ್ನೋಕಾಗಲ್ಲ, ಆದ್ರೆ ಮೂರು ಎಳೆ ಕಾಣತ್ತೆ. 11ನೇ ದಿನದ ಮೆಥೋಟ್ರೆಕ್ಸೇಟ್ ಬಿಟ್ಟಿದ್ದು ಬಾಯಿ ಹುಣ್ಣಿಂದ. ಎರಡು ವಾರ ಮೆರೊಪೆನಮ್ ಓಡಿದ್ದು ಬಾಯಿಂದ ಬಂದ ಸೋಂಕಿಂದ, ಅಂಥ ಎಲ್ಲಾ ಬ್ಯಾಕ್ಟೀರಿಯಾನೂ ಗುಡಿಸಿಹಾಕೋ ಆಂಟಿಬಯಾಟಿಕ್ ಕರುಳಿನ ಒಳ್ಳೇ ಬ್ಯಾಕ್ಟೀರಿಯಾಗಳನ್ನೂ ತೆಗೆಯತ್ತೆ. ನ್ಯೂಯಾರ್ಕ್, ಡರ್‌ಹಮ್, ರೇಗನ್ಸ್‌ಬರ್ಗ್, ಸಪ್ಪೊರೊ ಈ ನಾಲ್ಕು ಕಡೆಯ ಟ್ರಾನ್ಸ್‌ಪ್ಲಾಂಟ್ ಕೇಂದ್ರಗಳು ಸೇರಿ 1,362 ರೋಗಿಗಳ 8,767 ಮಲದ ಸ್ಯಾಂಪಲ್ ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರುಳಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಕಮ್ಮಿ ಆದವರಲ್ಲಿ ಸಾವು ಹೆಚ್ಚು ಅಂತ ಕಂಡಿದೆ, ನಾಲ್ಕೂ ಊರಲ್ಲಿ ಒಂದೇ ಥರ. ಮೂರನೇ ಎಳೆ, ನುಂಗಿದ ಬಾಯಿ ಬ್ಯಾಕ್ಟೀರಿಯಾಗಳು ಹಾಗೆ ಖಾಲಿಯಾದ ಕರುಳಲ್ಲಿ ಬಂದು ಕೂರೋದು. ಬಾಯಿ ಆರೋಗ್ಯಕ್ಕೂ ಕರುಳಿನ ಜಿವಿಎಚ್‌ಡಿಗೂ ನಂಟಿರಬಹುದು ಅನ್ನೋ ಅನುಮಾನ ಇಲ್ಲಿಂದ ಬರತ್ತೆ, ಅದಕ್ಕೇ ಮೆರೊಪೆನಮ್ ಒಂದು ದಿನ ಮುಂಚೆ ನಿಲ್ಲಿಸೋಕಾದ್ರೂ ನಿಲ್ಲಿಸ್ಬೇಕು ಅಂತ ಟೀಮಲ್ಲಿ ಈಗ ಮಾತಾಡ್ತೀವಿ.

ಇಂಥದೇ ಬಾಯಿ ಇರೋ ರೋಗಿ ಬಂದ್ರೆ ನಾವೀಗ ಮಾಡೋದು ಕೊಂಚ ಬೇರೆ. ಮೊದಲ ಕೀಮೋ ಮುಗಿದು ಕೌಂಟ್ ಬಂದ ತಕ್ಷಣ ಡೆಂಟಲ್ ಎಕ್ಸ್‌ರೇ ಆಗತ್ತೆ, ಟ್ರಾನ್ಸ್‌ಪ್ಲಾಂಟ್ ಡೇಟ್ ಫಿಕ್ಸ್ ಆಗೋವರೆಗೂ ಕಾಯಲ್ಲ, ಎರಡು ಕೀಮೋ ನಡುವಿನ ಬಿಡುವಲ್ಲಿ ವಿಸ್ಡಮ್ ಹಲ್ಲು ತೆಗೆಯೋಕೆ ಸಮಯ ಸಿಗತ್ತೆ. ಅಡಿಕೆ ಫೈಬ್ರೋಸಿಸ್ ಇದೆ ಅಂದ್ರೆ ಫೈಲಲ್ಲಿ ದೊಡ್ಡದಾಗಿ ಬರೀತೀವಿ, ಐಸ್ ಹೇಗೆ ಕೊಡೋದು ಅಂತ ಮುಂಚೇನೇ ಮನೇಲಿ ಅಭ್ಯಾಸ ಮಾಡಿಸ್ತೀವಿ, ಜುಮ್ ಅನ್ನೋ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಿ ಕಳಿಸ್ತೀವಿ. ಕಡಿಮೆ ಶಕ್ತಿಯ ಲೇಸರ್ ಬೆಳಕಿಂದ ಹುಣ್ಣು ಕಮ್ಮಿ ಮಾಡೋ ಚಿಕಿತ್ಸೆಗೂ ಅಂತರರಾಷ್ಟ್ರೀಯ ಮಾರ್ಗಸೂಚಿಯ ಬೆಂಬಲ ಇದೆ, ಬಾಯಿ ತೆರೆಯದವರಿಗೆ ಕೆನ್ನೆ ಹೊರಗಿಂದಲೂ ಕೊಡಬಹುದು.

ಆ ವಿಸ್ಡಮ್ ಹಲ್ಲನ್ನ ತೆಗೆದಿದ್ದು ಟ್ರಾನ್ಸ್‌ಪ್ಲಾಂಟ್ ಆಗಿ ವರ್ಷ ದಾಟಿ, ಸೈಕ್ಲೋಸ್ಪೋರಿನ್ ನಿಂತು, ಪ್ಲೇಟ್‌ಲೆಟ್ ಲಕ್ಷ ದಾಟಿದ್ಮೇಲೆ. ಗಾಯ ಮಾಯೋಕೆ ತುಂಬಾ ದಿನ ತಗೊಂಡ್ರೂ ಮಾಯ್ತು. ಬಾಯಿ ತೆರೆಯೋ ವ್ಯಾಯಾಮ ಬಿಡದೇ ಮಾಡಿ ಈಗ 29 ಮಿಲಿಮೀಟರ್ ತೆರೀತಾರೆ. ಆದ್ರೆ ಕೆನ್ನೆಯಲ್ಲಿ ಬಲೆ ಥರ ಬಿಳಿ ಗೆರೆ ಶುರುವಾಗಿದೆ, ಬಾಯಿ ಒಣಗತ್ತೆ, ಖಾರ ತಡಿಯಲ್ಲ, ಇದು ಕ್ರಾನಿಕ್ ಜಿವಿಎಚ್‌ಡಿ. ಡೆಕ್ಸಾಮೆಥಸೋನ್ ದ್ರಾವಣ ಮುಕ್ಕಳಿಸಿ ಉಗಿಯೋಕೆ ಕೊಟ್ಟಿದೀವಿ. ಅಡಿಕೆ ಫೈಬ್ರೋಸಿಸ್ ಒಂದು ಕಡೆ, ಕ್ರಾನಿಕ್ ಜಿವಿಎಚ್‌ಡಿ ಇನ್ನೊಂದು ಕಡೆ, ಎರಡೂ ಬಾಯಿ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸೋವೇ. ಅದಕ್ಕೆ ಮೂರು ತಿಂಗಳಿಗೊಮ್ಮೆ ಊರಿಂದ ಬಂದು ತೋರಿಸ್ಬೇಕು, ಎರಡು ವಾರದಲ್ಲಿ ಮಾಯದ ಯಾವ ಹುಣ್ಣೇ ಇದ್ರೂ ಬಯಾಪ್ಸಿ ಮಾಡ್ತೀವಿ ಅಂತ ಹೇಳಿದೀವಿ. ಲ್ಯುಕೀಮಿಯಾ ಈವರೆಗೆ ವಾಪಸ್ ಬಂದಿಲ್ಲ. ಹೋದ ಸಲ ಬಂದಾಗ ಅಣ್ಣನನ್ನೂ ಕರ್ಕೊಂಡು ಬಂದಿದ್ರು, ಅವರ ಬಾಯೂ ಮೂರು ಬೆರಳು ತೆರೆಯಲ್ಲ, ಅವರಿಗೂ ಒಂದು ಫೈಲ್ ತೆಗೆದಿದೀವಿ.